ಮೂರು ದಿನದ ಮದುವೆ ಊಟ ಮತ್ತು ಮಿದುಳಿನ ಕಾವಲು ಕೋಶಗಳು

ಪ್ರಶ್ನೆ: ನನಗೆ 52 ವರ್ಷ. ಮಗಳ ಮದುವೆಯಲ್ಲಿ ಮೂರು ದಿನ ಹೋಳಿಗೆ, ತುಪ್ಪ, ಕರಿದ ತಿಂಡಿಗಳನ್ನು ಧಾರಾಳವಾಗಿ ಉಂಡೆ. ಕೊಬ್ಬಿನ ಆಹಾರವು ಮೂರೇ ದಿನಗಳಲ್ಲಿ ಮಿದುಳಿನ ರೋಗನಿರೋಧಕ ಕೋಶಗಳನ್ನು ಬದಲಿಸುತ್ತದೆ ಎಂದು ಆಮೇಲೆ ಓದಿ ಗಾಬರಿಯಾಯಿತು. ಇದು ನಿಜವೇ? ಮನೆಯಲ್ಲಿ ತುಪ್ಪವನ್ನೇ ನಿಲ್ಲಿಸಬೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ಇಲಿಗಳ ಮೇಲಿನ ಪ್ರಯೋಗಗಳ ಮಾತು. ಆ ಕೋಶಗಳ ಹೆಸರು ಮೈಕ್ರೊಗ್ಲಿಯಾ. ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಹೊರ್ತೆಗಾ ಅವರು 1919ರಲ್ಲಿ ಇವುಗಳನ್ನು ಪ್ರತ್ಯೇಕ ಬಗೆಯ ಕೋಶಗಳೆಂದು ಗುರುತಿಸಿದರು. ಸತ್ತ ಕೋಶಗಳನ್ನು ತೆರವು ಮಾಡುವುದು, ಸೋಂಕನ್ನು ಎದುರಿಸುವುದು, ನರಕೋಶಗಳ ನಡುವಿನ ಬೇಡವಾದ ಸಂಪರ್ಕಗಳನ್ನು ಕತ್ತರಿಸುವುದು ಇವುಗಳ ನಿತ್ಯದ ಕೆಲಸ.

ಶಾಂತವಾಗಿರುವಾಗ ಮೈಕ್ರೊಗ್ಲಿಯಾ ತಮ್ಮ ಮೈಟೊಕಾಂಡ್ರಿಯಾಗಳಲ್ಲಿ (ಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳಲ್ಲಿ) ಆಮ್ಲಜನಕವನ್ನು ಬಳಸಿ ಇಂಧನವನ್ನು ನಿಧಾನವಾಗಿ, ಪೂರ್ತಿಯಾಗಿ ಉರಿಸುತ್ತವೆ. ಕೆರಳಿದಾಗ ಗ್ಲೂಕೋಸನ್ನು ಅರೆಬರೆಯಾಗಿ, ಆದರೆ ಬಹಳ ವೇಗವಾಗಿ ಒಡೆಯುವ ದಾರಿ ಹಿಡಿಯುತ್ತವೆ. ಇದರಿಂದ ಸಿಗುವ ಶಕ್ತಿ ಕಡಿಮೆಯಾದರೂ ಉರಿಯೂತದ ರಾಸಾಯನಿಕಗಳನ್ನು ತಯಾರಿಸಲು ಬೇಕಾದ ವೇಗ ದಕ್ಕುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ: ಕೋಶವು ಏನನ್ನು, ಹೇಗೆ ಉರಿಸುತ್ತದೆ ಎಂಬುದು ಅದರ ನಡವಳಿಕೆಯೊಂದಿಗೆ ಹೆಣೆದುಕೊಂಡಿದೆ.

ಅಮೆರಿಕದ ಸಿಯಾಟಲ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ ಕೊಡಲು ಆರಂಭಿಸಿದ ಒಂದರಿಂದ ಮೂರು ದಿನಗಳೊಳಗೆ, ಅಂದರೆ ತೂಕ ಹೇಳಿಕೊಳ್ಳುವಷ್ಟು ಏರುವ ಮೊದಲೇ, ಹಸಿವನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್‌ನಲ್ಲಿ ಉರಿಯೂತದ ಲಕ್ಷಣಗಳು ಕಂಡವು. ಅವು ನಡುವೆ ತಾತ್ಕಾಲಿಕವಾಗಿ ತಗ್ಗಿದವು. ಅದೇ ಆಹಾರ ಮುಂದುವರಿದಾಗ ಮರಳಿ ಬಂದು ನೆಲೆಯೂರಿದವು. ಈ ತಗ್ಗುವಿಕೆಯನ್ನು ದಯವಿಟ್ಟು ಗಮನಿಸಿ, ಏಕೆಂದರೆ ಮೊದಲ ಪ್ರತಿಕ್ರಿಯೆಯನ್ನು ಹಾನಿಯೆಂದೇ ಓದಬೇಕಾಗಿಲ್ಲ. ಅಲ್ಪಾವಧಿಯ ಕೊಬ್ಬಿನ ಆಹಾರದಿಂದ ಮೈಕ್ರೊಗ್ಲಿಯಾಗಳ ಮೈಟೊಕಾಂಡ್ರಿಯಾಗಳ ಕಾರ್ಯ ಬದಲಾಗುವುದನ್ನು ತೋರಿಸಿದ 2024ರ ಪ್ರಯೋಗವೊಂದರಲ್ಲಿ, ಆ ಆಹಾರ ತಿಂದ ಇಲಿಗಳು ನೆನಪಿನ ಪರೀಕ್ಷೆಗಳಲ್ಲಿ ಸಾಮಾನ್ಯ ಆಹಾರ ತಿಂದ ಇಲಿಗಳಿಗಿಂತ ಚೆನ್ನಾಗಿ ನಡೆದುಕೊಂಡವು. ಎಂದರೆ ಆರಂಭದ ಬದಲಾವಣೆ ಹೊಂದಾಣಿಕೆಯೂ ಆಗಿರಬಹುದು. ಚಿಂತಿಸಬೇಕಾದದ್ದು ವಾರಗಟ್ಟಲೆ ಆರದೆ ಉಳಿಯುವ ಉರಿಯೂತದ ಬಗ್ಗೆ.

ಎಲ್ಲ ಕೊಬ್ಬೂ ಒಂದೇ ಅಲ್ಲ. ಹಾಲಿನ ಕೊಬ್ಬು ಮೈಕ್ರೊಗ್ಲಿಯಾಗಳನ್ನು ಕೆರಳಿಸಿದಂತೆ ಆಲಿವ್ ಎಣ್ಣೆ ಕೆರಳಿಸಲಿಲ್ಲವೆಂದು ಇಲಿಗಳಲ್ಲಿ ಕಂಡಿದೆ. ಇಲ್ಲಿ ಮುಖ್ಯ ಸಂಶಯವಿರುವುದು ಪಾಲ್ಮಿಟಿಕ್ ಆಮ್ಲವೆಂಬ ಸ್ಯಾಚುರೇಟೆಡ್ ಕೊಬ್ಬಿನ (ತಣ್ಣಗಾದಾಗ ಸಾಮಾನ್ಯವಾಗಿ ಗಟ್ಟಿಯಾಗುವ ಬಗೆಯ ಕೊಬ್ಬಿನ) ಮೇಲೆ. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಇದರ ಪಾಲು ಸುಮಾರು ಶೇ 44. ತುಪ್ಪದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು. ತೆಂಗಿನೆಣ್ಣೆಯಲ್ಲಿ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಆದರೂ ಅದು ಬಹುಪಾಲು ಬೇರೆ ಬಗೆಯ ಸ್ಯಾಚುರೇಟೆಡ್ ಕೊಬ್ಬೇ.

ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಆಹಾರದಲ್ಲಿ ಶೇ 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುತ್ತದೆ. ಅನ್ನ, ಸಾರು, ಪಲ್ಯದ ಜೊತೆ ಒಂದು ಚಮಚ ತುಪ್ಪ ಹಾಕಿಕೊಳ್ಳುವವರ ಊಟಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆದ್ದರಿಂದ ಮದುವೆಯ ಊಟಕ್ಕಾಗಿ ಕೊರಗಬೇಡಿ, ತುಪ್ಪವನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಸ್ಯಾಚುರೇಟೆಡ್ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಅದು ಸುಮಾರು 22 ಗ್ರಾಂ. ಈ ಲೆಕ್ಕಕ್ಕೆ ತುಪ್ಪದ ಜೊತೆಗೆ ಸಂಜೆಯ ಬಜ್ಜಿ, ಬೇಕರಿಯ ಪಫ್ಸ್, ಪೊಟ್ಟಣದ ಬಿಸ್ಕತ್ತುಗಳನ್ನೂ ಸೇರಿಸಿಕೊಂಡು ಒಂದು ವಾರ ಬರೆದಿಟ್ಟು ನೋಡಿ. ಕಡಿಮೆ ಮಾಡುವುದಿದ್ದರೆ ಈ ಬಜ್ಜಿ, ಪಫ್ಸ್, ಬಿಸ್ಕತ್ತುಗಳಿಂದಲೇ ಆರಂಭಿಸಿ.