ನೀವು ಅವರಿಗೆ ಏನಾಗಬೇಕು?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರಿಗೆ 59 ವರ್ಷ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ನಿದ್ದೆ ಬರುತ್ತಿಲ್ಲ ಅಂತ ಶುರು ಮಾಡಿದರು, ಬಿಪಿ ಬಗ್ಗೆ ಒಂದಷ್ಟು ಹೊತ್ತು ಮಾತಾಡಿದರು, ಆಮೇಲೆ ಎದ್ದು ಹೊರಡುವಾಗ ಬಾಗಿಲ ಹಿಡಿಕೆ ಮೇಲೆ ಕೈಯಿಟ್ಟುಕೊಂಡೇ "ನನ್ನ ಫ್ರೆಂಡೊಬ್ಬ ತೀರಿಕೊಂಡ" ಅಂದರು. ವಾಪಸ್ ಕೂರಿಸಿದೆ. ಮುಖ್ಯ ಮಾತು ಬಾಗಿಲ ಹತ್ತಿರ ಬರುವುದು ನಮ್ಮ ಕೆಲಸದಲ್ಲಿ ಮಾಮೂಲು.

40 ವರ್ಷದ ಗೆಳೆತನ. ಆ ಗೆಳೆಯ ಒಂದು ಕಡೆ ನಿಂತವನಲ್ಲ. ಯಾವ ಕೆಲಸದಲ್ಲೂ ವರ್ಷ ತುಂಬಿಸಿದವನಲ್ಲ. ತಿಂಗಳುಗಟ್ಟಲೆ ಪತ್ತೆ ಇರುವುದಿಲ್ಲ, ಒಂದು ರಾತ್ರಿ ಗೇಟು ಸದ್ದಾಗುತ್ತದೆ, ಹೆಗಲಿಗೊಂದು ಚೀಲ, "ಏನೋ, ಇನ್ನೂ ಮಲಗಿಲ್ವಾ?" ಅಂತ ಇವರನ್ನೇ ಕೇಳುತ್ತಾನೆ. ಹೋಗುವಾಗ ಇವರದೊಂದು ಸ್ವೆಟರ್ ಹಾಕಿಕೊಂಡು ಹೋಗುತ್ತಾನೆ. ಹಾಗೆ ನಾಲ್ಕು ಸ್ವೆಟರ್ ಹೋಗಿವೆ. ಲೆಕ್ಕ ಇಟ್ಟಿದ್ದಾರೆ ನೋಡಿ!

ತೀರಿಕೊಂಡು ಎರಡೂವರೆ ತಿಂಗಳು. ಅಂತ್ಯಕ್ರಿಯೆಯಲ್ಲಿ ಯಾರೋ "ನೀವು ಅವರಿಗೆ ಏನಾಗಬೇಕು?" ಅಂತ ಕೇಳಿದರಂತೆ. "ಏನೂ ಆಗಬೇಕಿಲ್ಲ, ಫ್ರೆಂಡು" ಅಂದುಬಿಟ್ಟರು. ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಸುತ್ತಲಿನವರು ಲೆಕ್ಕಕ್ಕೇ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಅಣ್ಣತಮ್ಮಂದಿರಿಗೆ ಅಳಲು ಜಾಗವಿದೆ. ಗೆಳೆಯನಿಗೆ ಸಮಾಧಾನದ ಒಂದು ಫೋನೂ ಬರುವುದಿಲ್ಲ.

ಎರಡನೇ ಸಲ ಸಿಟ್ಟು ಹೊರಬಂತು. "ಹಕ್ಕಿ ಥರ ಬದುಕಿದ ಅಂತಾರೆ ಎಲ್ಲರೂ. ಹಕ್ಕಿಯಂತೆ ಹಕ್ಕಿ! ಬಾಡಿಗೆ ಕಟ್ಟಿದ್ದು ನಾನು, ಆಸ್ಪತ್ರೆಗೆ ಸೇರಿಸಿದ್ದು ನಾನು." ಅಂದವರೇ ನಾಚಿಕೊಂಡರು. ಸತ್ತವರ ಬಗ್ಗೆ ಹೀಗೆ ಮಾತಾಡಬಾರದು ಅಲ್ವಾ ಅಂದರು. ಮಾತಾಡಿ ಅಂದೆ. ಅದರ ಅಡಿಯಲ್ಲಿ ಇನ್ನೊಂದಿತ್ತು. ಅವನ ಕೊನೆಯ ಫೋನ್ ಇವರು ಎತ್ತಿರಲಿಲ್ಲ. ಎದುರಿಗೇ ಹೊಡೆದುಕೊಳ್ಳುತ್ತಿತ್ತು, ಶುರು ಮಾಡಿದರೆ ಒಂದು ಗಂಟೆ ಬಿಡಲ್ಲ, ನಾಳೆ ಮಾಡಿದರಾಯ್ತು ಅಂತ ಸುಮ್ನೆ ನೋಡುತ್ತಾ ಕೂತಿದ್ದರು.

"ಅವತ್ತಿನ ಮಟ್ಟಿಗೆ ಅದು ಮಾಮೂಲಿ ಫೋನು ಅಷ್ಟೆ. ನಿಮ್ಮ ಫೋನ್ ಅವರು ಎಷ್ಟು ಸಲ ಎತ್ತಿಲ್ಲ?" ಅಂದೆ.

"ಅದಕ್ಕೆ ಲೆಕ್ಕವೇ ಇಲ್ಲ" ಅಂತ ಮೊದಲ ಸಲ ನಕ್ಕರು.

ದುಃಖಕ್ಕೆ ಐದು ಹಂತ ಅಂತ ಎಲ್ಲೋ ಓದಿದ್ದರು, ತಾನು ಎಷ್ಟನೆಯದರಲ್ಲಿದ್ದೇನೆ ಅಂತ ಕೇಳಿದರು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರು ಒಂದೊಂದಾಗಿ ಹತ್ತಲೇಬೇಕಾದ ಮೆಟ್ಟಿಲು ಅದಲ್ಲ. ಹಾಗಾಗಿ ಹಂತ ಬಿಟ್ಟುಬಿಡಿ, ಅವನಿಗೊಂದು ಕಾಗದ ಬರೆಯಿರಿ ಅಂದೆ, ಬೈಗುಳ ಸಮೇತ, ಸ್ವೆಟರ್ ಲೆಕ್ಕವೂ ಇರಲಿ. ಅವನ ಬೇರೆ ಗೆಳೆಯರಿಗೆ ಫೋನ್ ಮಾಡಿ, ಅವನು ಅವರಿಗೆಲ್ಲ ಎಷ್ಟು ಕಾಟ ಕೊಟ್ಟಿದ್ದ ಕೇಳಿ. ಮೊಬೈಲಿನಲ್ಲಿರುವ ನಂಬರ್ ಅಳಿಸುವುದೇನೂ ಬೇಡ. ನಿದ್ದೆ ಹೀಗೇ ಕೆಟ್ಟರೆ, ಬದುಕೇ ಬೇಡ ಅನಿಸಿದರೆ ಮಾತ್ರ ಕಾಯಬೇಡಿ, ಕೂಡಲೇ ವೈದ್ಯರನ್ನು ನೋಡಬೇಕು ಅಂತಲೂ ಹೇಳಿದೆ.

ಮೂರನೇ ಸಲ ಬಂದಾಗ ಕಾಗದ ಏಳು ಪುಟ ಆಗಿತ್ತು. ಓದಲು ಕೊಡಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಗೇಟು ಸದ್ದಾದರೆ ಈಗಲೂ ಎಚ್ಚರವಾಗುತ್ತದಂತೆ. ಎದ್ದು ಹೋಗಿ ನೋಡಿ, ಆಮೇಲೆ ಬಂದು ಮಲಗಿ ಅಂದೆ.