ಕೈ ತಿರುಗಿಸಿದರೆ ಆಟ ತಿರುಗಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರ: ಸರ್, ನಾನು ಮೊಬೈಲಿನಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸುವ ಆಟ ಆಡುವವನು, ಗೈರೊ (ಕೈ ತಿರುಗಿಸಿದ್ದನ್ನು ಗುರುತಿಸುವ ಚಿಪ್) ಆನ್ ಇಲ್ಲದೆ ಗುರಿ ಇಡೋಕೆ ಆಗೋದೇ ಇಲ್ಲ. ಈಗ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಕೊಡಿಸಲು ಒಪ್ಪಿದ್ದಾರೆ. ಗೆಳೆಯರು ಎಕ್ಸ್‌ಬಾಕ್ಸ್ ತಗೋ ಅಂತಾರೆ. ಅದರಲ್ಲಿ ಗೈರೊ ಬರುತ್ತಾ?
– ಬಿ.ಕಾಂ. ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉ: ಬರುವುದಿಲ್ಲ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಳಗೆ ಗೈರೊ ಚಿಪ್ಪೇ ಇಲ್ಲ. ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಿದೆ, ನಿಂಟೆಂಡೊ ಸ್ವಿಚ್‌ನಲ್ಲೂ ಇದೆ. ಫೋರ್ಟ್‌ನೈಟ್ ಆಟವನ್ನೇ ತಗೊಳ್ಳಿ. ಪ್ಲೇಸ್ಟೇಷನ್ನಿನಲ್ಲಿ, ಸ್ವಿಚ್ಚಿನಲ್ಲಿ ಕೈ ಅಲುಗಿಸಿ ಗುರಿ ಇಡಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಅದರದೇ ಕಂಟ್ರೋಲರ್ ಹಿಡಿದು ಕೂತರೆ ಹೆಬ್ಬೆರಳಿನಿಂದ ತಳ್ಳುವ ಕಡ್ಡಿಯೊಂದೇ ಗತಿ.

ಇದು ಯಾಕೆ ಹೀಗಾಯ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಿಂದ ಬರೀ ನಿಮಗಲ್ಲ, ಎಲ್ಲರ ಆಟಕ್ಕೂ ಪೆಟ್ಟು ಬಿದ್ದಿದೆ. 2006ರ ನವೆಂಬರ್‌ನಲ್ಲಿ ನಿಂಟೆಂಡೊ ‘ವೀ’ ಬಂತು. ಅದರ ಹಿಂದಿನ ಗೇಮ್‌ಕ್ಯೂಬ್ ಸುಮಾರು 2 ಕೋಟಿ 17 ಲಕ್ಷ ಮಾರಾಟವಾಗಿತ್ತು, ವೀ 10 ಕೋಟಿ ದಾಟಿತು. ಚಿತ್ರದ ಅಂದದಲ್ಲಿ ಅದು ಪ್ಲೇಸ್ಟೇಷನ್ 3ಕ್ಕೂ ಎಕ್ಸ್‌ಬಾಕ್ಸ್ 360ಕ್ಕೂ ಸಾಟಿಯೇ ಅಲ್ಲ. ಗೆದ್ದಿದ್ದು ಕೈ ಬೀಸಿ ಆಡುವ ರಿಮೋಟ್. ಅದೂ ಡಬ್ಬದ ಜೊತೆಗೇ ಬಂದ ರಿಮೋಟ್! ವೀ ಕೊಂಡವರೆಲ್ಲರ ಕೈಯಲ್ಲೂ ಅದು ಇದ್ದೇ ಇರುತ್ತೆ ಅಂತ ಆಟ ಮಾಡುವವರಿಗೆ ಗೊತ್ತಿತ್ತು, ಹಾಗಾಗಿ ಧೈರ್ಯವಾಗಿ ಅದಕ್ಕೆಂದೇ ಆಟ ಕಟ್ಟಿದರು. ಜೆಲ್ಡಾ ಸರಣಿಯ ‘ಟ್ವೈಲೈಟ್ ಪ್ರಿನ್ಸೆಸ್’ನಲ್ಲಿ ಏನು ಮಾಡಿದರು ಗೊತ್ತಾ? ನಾಯಕ ಲಿಂಕ್ ಎಡಗೈಯವನು. ರಿಮೋಟ್ ಬೀಸುವವರಲ್ಲಿ ಜಾಸ್ತಿ ಮಂದಿ ಬಲಗೈಯವರು. ಅದಕ್ಕೆ ವೀ ಆವೃತ್ತಿಯಲ್ಲಿ ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವಿಬಿಟ್ಟರು. ಗೇಮ್‌ಕ್ಯೂಬಿನಲ್ಲಿ ಪೂರ್ವಕ್ಕಿದ್ದ ಊರು ವೀಯಲ್ಲಿ ಪಶ್ಚಿಮಕ್ಕೆ ಹೋಯಿತು. ಒಂದು ಕಂಟ್ರೋಲರ್ ಆಟವನ್ನು ಎಷ್ಟು ಬದಲಿಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಸೋನಿ ಸುಮ್ಮನೆ ಕೂತಿರಲಿಲ್ಲ. ಪ್ಲೇಸ್ಟೇಷನ್ 3ರ ಮೊದಲ ಕಂಟ್ರೋಲರ್ ‘ಸಿಕ್ಸ್‌ಆಕ್ಸಿಸ್’ಗೆ ವಾಲಿಸುವುದು ಗೊತ್ತಾಗುತ್ತಿತ್ತು, ಆದರೆ ನಡುಗುವ ಮೋಟಾರೇ ಇರಲಿಲ್ಲ. 2010ರಲ್ಲಿ ತುದಿಗೆ ಬಣ್ಣದ ಗುಂಡು ಹೊಳೆಯುವ ‘ಮೂವ್’ ತಂದರು. ಗುಂಡು ದೊಡ್ಡದಾಗಿ ಕಂಡರೆ ಹತ್ತಿರ, ಚಿಕ್ಕದಾದರೆ ದೂರ ಅಂತ ಕ್ಯಾಮೆರಾ ಲೆಕ್ಕ ಹಾಕುತ್ತಿತ್ತು. ನಿಖರತೆಯಲ್ಲಿ ಅದು ಮೊದಲಿನ ವೀ ರಿಮೋಟಿಗಿಂತ ಎಷ್ಟೋ ಮೇಲು. ಆದರೆ ಬೇರೆಯಾಗಿ ಕೊಳ್ಳಬೇಕು. ಅದೇ ವರ್ಷ ಮೈಕ್ರೋಸಾಫ್ಟ್ ಕಂಟ್ರೋಲರೇ ಬೇಡ ಅಂತ ಮೈಯ ಚಲನೆಯನ್ನೇ ನೋಡುವ ಕ್ಯಾಮೆರಾ ‘ಕಿನೆಕ್ಟ್’ ತಂದಿತು, ಮೊದಲ 60 ದಿನದಲ್ಲೇ 80 ಲಕ್ಷ ಹೋಯಿತು. 2013ರಲ್ಲಿ ಅದನ್ನು ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯ ಮಾಡಿ 499 ಡಾಲರ್ ಬೆಲೆ ಇಟ್ಟರು. ಎದುರಿಗೆ ಪ್ಲೇಸ್ಟೇಷನ್ 4 ಬರೀ 399. ಮರುವರ್ಷವೇ ಕಿನೆಕ್ಟ್ ಕೈಬಿಟ್ಟ ಪೆಟ್ಟಿಗೆ ಬಂತು. ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ಗೈರೊ ಮಾತ್ರ ಬರಲೇ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಮೂರೂ ಕಡೆ ಮಾರುವ ಆಟವನ್ನು ಮೂವರಲ್ಲೂ ಇರುವ ಸಾಮಾನಿಗೇ ಹೊಂದಿಸುತ್ತಾರೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ಅದರ ಹೆಜ್ಜೆಗೇ ನಡೆಯಬೇಕು, ಅಲ್ವಾ? ಪ್ಲೇಸ್ಟೇಷನ್ನಿನಲ್ಲಿ ಗೈರೊ ಇದ್ದರೂ ಗುಂಡು ಹಾರಿಸುವ ಎಷ್ಟೋ ಆಟಗಳು ಅದನ್ನು ಮುಟ್ಟುವುದೇ ಇಲ್ಲ. ನನಗೆ ನಿಜಕ್ಕೂ ಬೇಜಾರಾಗುವುದು ಇದಕ್ಕೇ. ಹೆಬ್ಬೆರಳಿನ ಕಡ್ಡಿಯಲ್ಲಿ ಸಿಗದ ಸೂಕ್ಷ್ಮ ಮಣಿಕಟ್ಟಿನಲ್ಲಿ ಸಿಗುತ್ತೆ, ಮೊಬೈಲಿನಲ್ಲಿ ಆಡುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಮಗೆ ಪ್ಲೇಸ್ಟೇಷನ್ 5 ಅಥವಾ ಸ್ವಿಚ್ ಸರಿ. ಆದರೆ ಆಡಬೇಕೆಂದಿರುವ ಆಟದ ಸೆಟ್ಟಿಂಗ್ಸ್‌ನಲ್ಲಿ ಗೈರೊ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಆಮೇಲೆ ದುಡ್ಡು ಕೊಡಿ.

ಪ್ರ: ನಮ್ಮ ಭಾವನವರು ಪುಣೆಯಿಂದ ಹಳೆ ವೀ ಕೊಟ್ಟು ಕಳಿಸಿದ್ದಾರೆ. ಟಿವಿ ಮೇಲಿಡುವ ಪಟ್ಟಿಯ ವೈರನ್ನು ಇಲಿ ಕಡಿದಿದೆ. ರಿಮೋಟ್ ತೋರಿಸಿದರೆ ಪರದೆಯಲ್ಲಿ ಕೈ ಗುರುತು ಬರುತ್ತಿಲ್ಲ. ಮಾವನವರು ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್ ಆಡಬೇಕು ಅಂತ ಕಾಯ್ತಾ ಕೂತಿದ್ದಾರೆ.
– ಗೃಹಿಣಿ, ಬೆಟಗೇರಿ, ಗದಗ

ಉ: ಅಕ್ಕಾವ್ರೇ, ಗಾಬರಿ ಬೇಡ. ಹೆಸರು ಸೆನ್ಸರ್ ಬಾರ್ ಅಂತಿದ್ದರೂ ಅದರೊಳಗೆ ಸೆನ್ಸರ್ ಇಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೇ. ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಪಟ್ಟಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಉರಿಯುತ್ತಿದ್ದರೆ ಸಾಮಾನ್ಯವಾಗಿ ನೇರಳೆ ಬಣ್ಣದ ಚುಕ್ಕಿ ಕಾಣುತ್ತೆ. ಕಾಣದಿದ್ದರೆ ಯುಎಸ್‌ಬಿಗೆ ಚುಚ್ಚುವ ಬೇರೆ ಪಟ್ಟಿ ತರಿಸಿಕೊಳ್ಳಿ. ಇವತ್ತೇ ಆಡಬೇಕು ಅಂದರೆ ಟಿವಿ ಮುಂದೆ ಒಂದು ಗೇಣು ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿ, ರಿಮೋಟ್ ಅವನ್ನೇ ದೀಪ ಅಂತ ನಂಬುತ್ತೆ. ಪರದೆ ಬಟ್ಟೆ ದೂರವಿರಲಿ, ಮಕ್ಕಳೂ ದೂರ.

ಚೆಂಡು ಎಸೆಯುವುದಕ್ಕೆ ಈ ದೀಪ ಬೇಕಿಲ್ಲ, ಆಟ ಆರಿಸುವುದಕ್ಕೆ ಮಾತ್ರ ಬೇಕು. ಬೀಸಿದ್ದು ಗೊತ್ತಾಗುವುದು ಒಳಗಿನ ಇನ್ನೊಂದು ಚಿಪ್ಪಿನಿಂದ. ಅದಕ್ಕೆ ಜಗ್ಗಿದ ಜೋರು ತಿಳಿಯುತ್ತೆ, ತಿರುವಿದ ಕೋನ ಸರಿಯಾಗಿ ತಿಳಿಯಲ್ಲ. ಹಾಗಾಗಿ ಟೆನಿಸ್ಸಿನಲ್ಲಿ ಕುರ್ಚಿಯಲ್ಲಿ ಕೂತು ಮಣಿಕಟ್ಟು ಮಾತ್ರ ಝಾಡಿಸಿದರೂ ನಡೆಯುತ್ತೆ. 2009ರಲ್ಲಿ ರಿಮೋಟಿಗೆ ಸಿಕ್ಕಿಸುವ, ಗೈರೊ ಇರುವ ‘ಮೋಷನ್‌ಪ್ಲಸ್’ ಬಂದ ಮೇಲೆ ಈ ಕೊರತೆ ಬಹುಮಟ್ಟಿಗೆ ತೀರಿತು. ಮಾವನವರಿಗೆ ಮೊಣಕಾಲು ನೋವಿದ್ದರೆ ಹಳೆಯದೇ ಆರಾಮ. ಕೈದಾರ ಮಾತ್ರ ತಪ್ಪದೆ ಹಾಕಿಸಿ, ರಿಮೋಟ್ ಜಾರಿ ಟಿವಿಗೆ ಹೋಗಿ ಬಡಿದರೆ ಕಷ್ಟ.

ಪ್ರ: ಧಾರವಾಡದ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕಿನೆಕ್ಟ್ ಅಗ್ಗಕ್ಕೆ ಕೊಡ್ತೀನಿ ಅಂತಿದ್ದಾರೆ. ನಮ್ಮದು ಎಕ್ಸ್‌ಬಾಕ್ಸ್ ಒನ್ ಎಸ್. ತಗೊಳ್ಳಲಾ?
– ಶಿಕ್ಷಕರು, ಮಾಳಮಡ್ಡಿ, ಧಾರವಾಡ

ಉ: ಬೇಡ ರೀ. ಒನ್ ಎಸ್‌ನಲ್ಲಿ ಕಿನೆಕ್ಟ್ ಚುಚ್ಚುವ ಜಾಗವೇ ಇಲ್ಲ. ನಡುವೆ ಅಡಾಪ್ಟರ್ ಬೇಕು, ಅದರ ತಯಾರಿಕೆ ನಿಂತುಹೋಗಿದೆ. ಕಿನೆಕ್ಟ್ ಕೂಡ 2017ರಲ್ಲೇ ನಿಂತಿತು. ಸಾಲದ್ದಕ್ಕೆ ಕ್ಯಾಮೆರಾ ಮುಂದೆ ಐದಾರು ಅಡಿಯಾದರೂ ಖಾಲಿ ಜಾಗ ಬೇಕು.

ಪ್ರ: ಸ್ವಿಚ್ ಆಡುವಾಗ ಗುರಿ ತಾನೇ ಒಂದು ಕಡೆ ಸರಿಯುತ್ತೆ. ಕಂಟ್ರೋಲರ್ ಹಾಳಾಯ್ತಾ?
– ಪಿಯುಸಿ ವಿದ್ಯಾರ್ಥಿನಿ, ಬ್ಯಾಡಗಿ, ಹಾವೇರಿ ಜಿಲ್ಲೆ

ಉ: ಮೊದಲು ಆಟದಲ್ಲಿ ಗೈರೊ ಆಫ್ ಮಾಡಿ ನೋಡಿ. ಆಗಲೂ ಸರಿದರೆ ತಪ್ಪು ಕಡ್ಡಿಯದು. ನಿಂತರೆ ಗೈರೊದು. ಸಿಸ್ಟಮ್ ಸೆಟ್ಟಿಂಗ್ಸ್‌ನ ಕಂಟ್ರೋಲರ್ ಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವುದು) ಇದೆ. ಗೈರೊಗೆ ಮಾಡುವಾಗ ಕಂಟ್ರೋಲರನ್ನು ಗಟ್ಟಿ ಮೇಜಿನ ಮೇಲೆ ಇಡಿ, ಹಾಸಿಗೆ ಮೇಲೆ ಬೇಡ. ಇಷ್ಟಾದ ಮೇಲೂ ಕಡ್ಡಿ ಸರಿಯುತ್ತಿದ್ದರೆ ರಿಪೇರಿಗೆ ಕೊಡಬೇಕಾಗುತ್ತೆ.