ಹೈಡ್ರೋಮೀಟರ್ 1.050ರ ಬದಲು 1.036 ತೋರಿಸಿದರೆ ರಿಫ್ರಾಕ್ಟೋಮೀಟರ್ ಕೊಳ್ಳಬೇಕೇ?

ಬೇಡ. ದುಡ್ಡು ಇಟ್ಟುಕೊಳ್ಳಿ. ಹೈಡ್ರೋಮೀಟರ್ ಅಂದರೆ ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಕೊಳವೆ (ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು); ರಿಫ್ರಾಕ್ಟೋಮೀಟರ್ ಸಕ್ಕರೆಯನ್ನು ಬೆಳಕು ಬಾಗುವುದರಿಂದ ಅಳೆಯುತ್ತದೆ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನು ಮನೆಯಲ್ಲಿ ಮಾಡಿದ ಮೊದಲ ಬಿಯರ್‌ನಲ್ಲೂ ಬೇಕಿದ್ದದ್ದು 1.050, ಕಂಡದ್ದು 1.035.

ಕುದಿಸಿದ ಪಾತ್ರೆ ಇಳಿಸಿ ಸ್ವಲ್ಪ ಹೊತ್ತಾಗಿತ್ತಷ್ಟೇ. ತಡೆಯಲಾರದೆ ಎರಡು ಸೌಟು ವರ್ಟ್ (ಬಿಯರ್ ಆಗುವ ಮುಂಚಿನ, ಮೊಳಕೆ ಧಾನ್ಯದ ಸಿಹಿ ರಸ) ಜಾಡಿಗೆ ಸುರಿದು ಹೈಡ್ರೋಮೀಟರ್ ಬಿಟ್ಟೆ. ಹಬೆ ಕಟ್ಟಿ ಅಂಕಿಯೇ ಕಾಣಲಿಲ್ಲ, ಬಟ್ಟೆಯಲ್ಲಿ ಒರೆಸಿ ಓದಿದೆ. ಹಬೆ ಒರೆಸಿದವನಿಗೆ ಹಬೆ ಯಾಕೆ ಬಂತು ಅಂತ ಮಾತ್ರ ಹೊಳೆಯಲಿಲ್ಲ! 15 ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ಕಮ್ಮಿ ಇದೆ ಅಂತ ಲೆಕ್ಕ ಹಾಕಿ, 20 ಲೀಟರಿಗೆ 800 ಗ್ರಾಂ ಸಕ್ಕರೆ ಸುರಿದೆ. ಲೆಕ್ಕ ಸರಿಯಾಗಿಯೇ ಇತ್ತು, ಕೊರತೆಯೇ ಇರಲಿಲ್ಲ.

ಬಿಸಿಯಾದ ದ್ರವ ಹಿಗ್ಗುತ್ತದೆ, ಸಾಂದ್ರತೆ ಇಳಿಯುತ್ತದೆ, ಹೈಡ್ರೋಮೀಟರ್ ಹೆಚ್ಚು ಮುಳುಗುತ್ತದೆ. ಸಕ್ಕರೆ ಅಷ್ಟೇ ಇದ್ದರೂ ಅಂಕಿ ಕೆಳಗಿಳಿಯುತ್ತದೆ. ಹೈಡ್ರೋಮೀಟರ್‌ಗೆ ಗುರುತು ಹಾಕಿರುವುದು ಸಾಮಾನ್ಯವಾಗಿ 20 ಡಿಗ್ರಿಗೆ, ಕೆಲವಕ್ಕೆ 15.6ಕ್ಕೆ, ಒಳಗಿನ ಚೀಟಿಯಲ್ಲೇ ಬರೆದಿರುತ್ತದೆ. 40 ಡಿಗ್ರಿಯಲ್ಲಿ ಅಳೆದರೆ ಸುಮಾರು 6 ಪಾಯಿಂಟ್, 60ರಲ್ಲಿ ಸುಮಾರು 15 ಪಾಯಿಂಟ್ ಕಮ್ಮಿ ತೋರಿಸುತ್ತದೆ. ಆಮೇಲೊಂದು ದಿನ ಬರೀ ಬಿಸಿನೀರಿಗೆ ಬಿಟ್ಟು ನೋಡಿದೆ: 1.000 ಗೆರೆ ಎಲ್ಲೋ ಮುಳುಗಿ, ಪಟ್ಟಿಯೇ ಮುಗಿದುಹೋಯಿತು. ಅವತ್ತು ಗೊತ್ತಾಯಿತು, 1.050 ಇದ್ದದ್ದನ್ನು ನಾನೇ 1.065 ಮಾಡಿದ್ದೆ. ಹುದುಗು ಮುಗಿದು ಕೊನೆಗೆ 1.010ಕ್ಕೆ ನಿಂತಿತು. ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸವನ್ನು 131.25ರಿಂದ ಗುಣಿಸಿ: ಶೇ. 7.2 ಆಲ್ಕೋಹಾಲ್. ನೀರುನೀರಾಗಿ, ಗಂಟಲು ಸುಡುವ ಬಿಯರ್. ಒಂದೊಂದು ಬಾಟಲಿಯನ್ನೂ ಶಿಕ್ಷೆಯ ಹಾಗೆ ಕುಡಿದು ಮುಗಿಸಿದೆ.

ನೀವು ಎಷ್ಟು ಬಿಸಿಯಲ್ಲಿ ಅಳೆದಿರಿ ಅಂತ ಬರೆದೇ ಇಲ್ಲ, ಅದಕ್ಕೇ ನನಗೆ ಅನುಮಾನ. ಸಕ್ಕರೆ ಡಬ್ಬಿ ಮುಟ್ಟಬೇಡಿ. ಸ್ಯಾಂಪಲ್ ಮುಚ್ಚಿ ತಣ್ಣೀರಲ್ಲಿಟ್ಟು 20ಕ್ಕೆ ಇಳಿಸಿ. ತೆರೆದಿಟ್ಟರೆ ನೀರು ಆವಿಯಾಗಿ ಗಟ್ಟಿಯಾಗುತ್ತದೆ. ತಾಪಮಾನ ತಿದ್ದುವ ಕೋಷ್ಟಕಗಳಿವೆ, ಆದರೆ ತೀರಾ ಬಿಸಿ ಇದ್ದಾಗ ಅವನ್ನು ನಾನು ನಂಬುವುದಿಲ್ಲ. ಮಾಲ್ಟ್ ಎಕ್ಸ್‌ಟ್ರಾಕ್ಟ್‌ಗೆ (ವರ್ಟ್ ಅನ್ನು ಗಟ್ಟಿ ಮಾಡಿ ಮಾರುವ ಪಾಕ) ಆಮೇಲೆ ನೀರು ಬೆರೆಸಿದ್ದರೆ ಇನ್ನೊಂದು ಕಿತಾಪತಿ ಇದೆ: ಚೆನ್ನಾಗಿ ಕಲಕದಿದ್ದರೆ ಮೇಲೆ ನೀರು, ತಳದಲ್ಲಿ ಪಾಕ.

ರಿಫ್ರಾಕ್ಟೋಮೀಟರ್ ಆದರೂ ಹುದುಗು ಶುರುವಾದ ಮೇಲೆ ಆಲ್ಕೋಹಾಲ್ ಸೇರಿ ತಪ್ಪು ತೋರಿಸುತ್ತದೆ, ಮತ್ತೆ ಲೆಕ್ಕ ಹಾಕಿ ತಿದ್ದಬೇಕು. ನನ್ನ ಪ್ರಕಾರ ಹೊಸಬರಿಗೆ ಮೊದಲ ಅಂಕಿಗಿಂತ ಕೊನೆಯದು ಮುಖ್ಯ. ಎರಡು ಮೂರು ದಿನ ಅಲುಗದೆ ಅದೇ ಅಂಕಿ ಬರುವವರೆಗೆ ಬಾಟಲಿ ತುಂಬಬೇಡಿ, ಸಿಡಿಯುತ್ತವೆ. ಆಗ ಸ್ಯಾಂಪಲ್‌ನಲ್ಲಿ ಗುಳ್ಳೆ ಇರುತ್ತದೆ, ಹೈಡ್ರೋಮೀಟರ್‌ಗೆ ಅಂಟಿ ಮೇಲೆತ್ತುತ್ತದೆ. ಒಮ್ಮೆ ತಿರುಗಿಸಿ ಬಿಡಿ, ಕಣ್ಣು ದ್ರವದ ಮಟ್ಟಕ್ಕೆ ತಂದು ಓದಿ. ಅಳೆದ ಸ್ಯಾಂಪಲ್ ಮತ್ತೆ ಫರ್ಮೆಂಟರ್‌ಗೆ (ಹುದುಗಿಸುವ ಪಾತ್ರೆಗೆ) ಸುರಿಯಬೇಡಿ, ಕುಡಿದುಬಿಡಿ.